ಹೊಸಹಳ್ಳಿಯ ಗಾಣವೂ ಅದರ ಜಾಲತಾಣವೂ

ಚಿತ್ರದುರ್ಗದಿಂದ ಹೊಸಪೇಟೆಗೆ ಹೋಗುವ ಹೆದ್ದಾರಿಯಲ್ಲಿ ಕೂಡ್ಲಿಗಿಯು ಬರುವುದಕ್ಕೆ ಮುಂಚೆ ಕಾನಹೊಸಹಳ್ಳಿಯೆಂಬ ಊರು ಸಿಕ್ಕುವುದು. ಸುತ್ತಣವರು ಇದನ್ನು ಬರಿಯ ಹೊಸಹಳ್ಳಿಯೆಂದೇ ಕರೆಯುವರು. ಮಳೆಯನ್ನೇ ನೆಚ್ಚಿದ ಕೆಂಪು ನೆಲ. ಬೆಳೆಯೆಂದರೆ ಶೇಂಗಾ, ಜೋಳ. ಹೊಲದ ಬದುಗಳಲ್ಲಿ ಹುಣಿಸೆಯ ಮರಗಳು. ಇಂತಹ ಊರಿನಲ್ಲಿ ನನ್ನ ಸೋದರಮಾವನವರು ಒಂದು ಮರದ ಗಾಣವನ್ನಿಟ್ಟುಕೊಂಡಿರುವರು. ಹಿಂದೆ ಎತ್ತು ಸುತ್ತುತ್ತಿದ್ದ ಕಡೆ ಈಗ ವಿದ್ಯುತ್ತಿನ ಮೋಟಾರು ಸುತ್ತುತ್ತಿದೆ. ಎಣ್ಣೆಯು ಡಬ್ಬಗಳಿಗೆ ಹೋಗುವುದು, ಹಿಂಡಿಯು ಊರಿನ ಎಮ್ಮೆಗಳಿಗೆ ಹೋಗುವುದು.

2021ನೆಯ ಇಸವಿಯಲ್ಲಿ ಮಾವನವರಿಗೆ ಒಂದು ಜಾಲತಾಣ ಬೇಕೆನ್ನಿಸಿತು. ಬೆಂಗಳೂರಿಗೆ ಹೋಗಿ ನೆಲಸಿದ ನಮ್ಮ ಸೀಮೆಯ ಜನರು ಊರಿನ ಶೇಂಗಾ ಎಣ್ಣೆಯನ್ನು ಮರೆತವರಲ್ಲ. ಅವರಿಗೆ ಗಾಣದ ಸುದ್ದಿಯನ್ನು ಮುಟ್ಟಿಸುವುದಕ್ಕೆ ಅಂಗಡಿಯ ಮುಂದಿನ ಹಲಗೆಯಿಂದ ಸಾಧ್ಯವಿಲ್ಲವಷ್ಟೆ. ಪಟ್ಟಣದಿಂದ ಬಂದ ಯುವಕನೊಬ್ಬನು ಎಂಟು ಸಾವಿರ ರೂಪಾಯಿಗಳನ್ನು ತೆಗೆದುಕೊಂಡು ಹದಿನೈದು ದಿನಗಳಲ್ಲಿ ತಾಣವನ್ನು ಕಟ್ಟಿಕೊಟ್ಟನು. ಕೆಲಸವನ್ನು ಚೆನ್ನಾಗಿಯೇ ಮಾಡಿದನು. ಗಾಣದ ಚಿತ್ರ, ಎಣ್ಣೆಯ ಧಾರಣೆ, ದೂರವಾಣಿಯ ಸಂಖ್ಯೆ ಎಲ್ಲವೂ ಅಲ್ಲಿದ್ದುವು. ಮರುವರ್ಷದ ಹೊತ್ತಿಗೆ ವಾರಕ್ಕೆ ಹತ್ತು ಹನ್ನೆರಡು ಡಬ್ಬಗಳು ಪಾರ್ಸೆಲ್ಲಿನಲ್ಲಿ ಹೊರಡುವಂತಾಯಿತು. ಮಾವನವರು ಸಂತೋಷಪಟ್ಟು ಡಬ್ಬಕ್ಕೆ ಅಂಟಿಸುವ ಚೀಟಿಗಳ ಮೇಲೆ ಜಾಲತಾಣದ ಹೆಸರನ್ನು ದಪ್ಪಕ್ಷರಗಳಲ್ಲಿ ಅಚ್ಚುಹಾಕಿಸಿ, ಒಂದೇ ಸಲಕ್ಕೆ ಎರಡು ಸಾವಿರ ತರಿಸಿಕೊಂಡರು.

2023ರ ದೀಪಾವಳಿಗೆ ಎರಡು ವಾರಗಳಿರುವಾಗ ದಾವಣಗೆರೆಯ ಹಳೆಯ ಗಿರಾಕಿಯೊಬ್ಬರು ದೂರವಾಣಿ ಮಾಡಿ, “ಏನ್ರೀ ಯಜಮಾನ್ರೆ, ಎಣ್ಣೆ ಬಿಟ್ಟು ಜೂಜಿನ ಧಂದೆ ಹಿಡಿದ್ರೇನು?” ಎಂದು ಕೇಳಿದರು. ಮಾವನವರಿಗೆ ಮೊದಲು ಅರ್ಥವಾಗಲಿಲ್ಲ. ಸೊಸೆಯು ತನ್ನ ಮೊಬೈಲಿನಲ್ಲಿ ಆ ಹೆಸರನ್ನು ಒತ್ತಿ ನೋಡಿದಾಗ ಗಾಣವೂ ಇಲ್ಲ, ಎಣ್ಣೆಯೂ ಇಲ್ಲ. ಇಸ್ಪೀಟಿನ ಎಲೆಗಳು ಕುಣಿಯುತ್ತಿದ್ದುವು.

ನಡೆದದ್ದಿಷ್ಟು. ತಾಣದ ಹೆಸರನ್ನು ಆ ಯುವಕನು ತನ್ನ ಖಾತೆಯಲ್ಲಿ, ತನ್ನ ಇ-ಮೇಲಿನ ಮೂಲಕ ನೋಂದಾಯಿಸಿದ್ದನು. ಜುಲೈ ತಿಂಗಳಿನಲ್ಲಿ ಅವಧಿಯು ತೀರಿತು. ಹಣವನ್ನು ಕಟ್ಟಿರೆಂಬ ಓಲೆಗಳು, ಅವನು ಆಗಲೇ ಬಿಟ್ಟುಬಿಟ್ಟಿದ್ದ ಹಳೆಯ ಇ-ಮೇಲಿಗೆ ಹೋಗಿ ಬಿದ್ದುವು. ಅವನು ಬೇರೆ ಉದ್ಯೋಗವನ್ನು ಹಿಡಿದು ದೂರವಾಣಿಯ ಸಂಖ್ಯೆಯನ್ನೂ ಬದಲಾಯಿಸಿದ್ದನು. ಮೂರು ತಿಂಗಳ ಕಾಲ ತಾಣವು ಇರಲೇ ಇಲ್ಲ. ಮನೆಯವರಾರೂ ಅದನ್ನು ನೋಡಲೂ ಇಲ್ಲ. ಮಾರಾಟ ಇಳಿದುದಕ್ಕೆ ಮಾವನವರು ಮಳೆಯ ಅಭಾವವನ್ನು ಕಾರಣವೆಂದು ತಿಳಿದಿದ್ದರು. ಅಷ್ಟರಲ್ಲಿ ಹೆಸರು ಬೇರೆಯವರ ಪಾಲಾಯಿತು. ಆ ಹುಡುಗನಲ್ಲಿ ಮೋಸವಿತ್ತೆಂದು ನಾನು ಹೇಳಲಾರೆ. ತಿಳಿಯದೆ ಕೊಟ್ಟವರು ನಾವು, ಮರೆತವನು ಅವನು.

ಜಾಲತಾಣವನ್ನು ಮಾಡಿಸಬೇಕೆಂದಿರುವ ಗೃಹಸ್ಥರು ಇದರಿಂದ ಮೊದಲು ತಿಳಿಯತಕ್ಕದ್ದೇನೆಂದರೆ, ತಾಣವೆಂಬುದು ಒಂದೇ ವಸ್ತುವಲ್ಲ, ಮೂರು ವಸ್ತುಗಳ ಕೂಟ. ಹೆಸರು ಒಂದು, ಇದನ್ನು ಡೊಮೈನ್ ಎನ್ನುವರು. ಪುಟಗಳನ್ನು ಇಟ್ಟಿರುವ ಸ್ಥಳ ಎರಡನೆಯದು. ಇದು ಎಲ್ಲಿಯೋ ಹಗಲಿರುಳು ಎಚ್ಚರವಾಗಿರುವ ಒಂದು ಗಣಕಯಂತ್ರದಲ್ಲಿ ಬಾಡಿಗೆಗೆ ಪಡೆದ ಜಾಗ. ಪುಟಗಳು ಮೂರನೆಯವು. ಜಾಗವನ್ನು ಬದಲಾಯಿಸಬಹುದು, ಪುಟಗಳನ್ನು ಹೊಸದಾಗಿ ಬರೆಯಬಹುದು. ಆದರೆ ಗಿರಾಕಿಯ ನೆನಪಿನಲ್ಲಿಯೂ ಡಬ್ಬದ ಚೀಟಿಯ ಮೇಲೂ ಇರುವುದು ಹೆಸರೊಂದೇ. ಅದು ಕೈಬಿಟ್ಟಿತೆಂದರೆ ಉಳಿದೆರಡೂ ಇದ್ದು ಫಲವಿಲ್ಲ.

ಈ ವ್ಯವಸ್ಥೆಯು ಬಹು ಹಳೆಯದೇನೂ ಅಲ್ಲ. ಜಿನೀವಾ ನಗರದ ಬಳಿಯಿರುವ ಸರ್ನ್ ಎಂಬ ವಿಜ್ಞಾನಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬಾತನು 1989ರಲ್ಲಿ ಇದನ್ನು ಸೂಚಿಸಿದನು. 1991ರಲ್ಲಿ ಮೊದಲನೆಯ ತಾಣವು ಲೋಕದ ಕಣ್ಣಿಗೆ ಬಿದ್ದಿತು. 1993ರಲ್ಲಿ ಆ ಸಂಸ್ಥೆಯು ಈ ವಿದ್ಯೆಯನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದೆಂದು ಸಾರಿತು. ಕನ್ನಡವು ಬಹಳ ಹಿಂದೆ ಬೀಳಲಿಲ್ಲವೆಂಬುದು ನಮಗೆ ಹೆಮ್ಮೆಯ ಸಂಗತಿ. ಡಾ. ಯು. ಬಿ. ಪವನಜರವರು 1996ರಲ್ಲಿಯೇ ‘ವಿಶ್ವಕನ್ನಡ’ವೆಂಬ ಕನ್ನಡ ಜಾಲತಾಣವನ್ನು ಆರಂಭಿಸಿದರು.

ಹೆಸರನ್ನು ಕೊಡುವುದಕ್ಕೆ ನೋಂದಣಿಯ ಕಂಪೆನಿಗಳಿರುವುವು. ನಮ್ಮ ದೇಶದ ಗುರುತಾದ ‘ಡಾಟ್ ಇನ್’ ಹೆಸರುಗಳನ್ನು ನಿಕ್ಸಿ ಎಂಬ ಸಂಸ್ಥೆಯು ನೋಡಿಕೊಳ್ಳುವುದು. 2005ರಿಂದ ಈ ಹೆಸರುಗಳು ಸಾಮಾನ್ಯರಿಗೂ ಸುಲಭವಾಗಿ ದೊರೆಯತೊಡಗಿದುವು. ಕನ್ನಡ ಲಿಪಿಯಲ್ಲಿಯೇ ಬರೆದು ಕೊನೆಗೆ ‘.ಭಾರತ’ ಎಂದು ಸೇರಿಸುವ ಹೆಸರುಗಳೂ ಉಂಟು. ಹೆಸರು ಕೊಂಡ ಸ್ವತ್ತಲ್ಲ, ಗೇಣಿಗೆ ಪಡೆದ ಹೊಲದಂತೆ. ಒಂದು ವರ್ಷದಿಂದ ಹತ್ತು ವರ್ಷಗಳವರೆಗೆ ಹಣ ಕಟ್ಟಿ ಇಟ್ಟುಕೊಳ್ಳಬಹುದು. ಸಾಮಾನ್ಯವಾದ ಹೆಸರಿಗೆ ವರ್ಷವೊಂದಕ್ಕೆ ಕೆಲವು ನೂರು ರೂಪಾಯಿಗಳಿಂದ ಸಾವಿರದ ಆಸುಪಾಸಿನವರೆಗೆ ತಗಲುವುದು. ಮೊದಲನೆಯ ವರ್ಷ ತೊಂಬತ್ತೊಂಬತ್ತು ರೂಪಾಯಿಯೆಂದು ಕರೆಯುವವರನ್ನು ಎರಡನೆಯ ವರ್ಷಕ್ಕೆ ಎಷ್ಟೆಂದು ಕೇಳಿಯೇ ಮುಂದುವರಿಯಬೇಕು. ‘ಡಾಟ್ ಕಾಮ್’ ಮೊದಲಾದುವುಗಳಲ್ಲಿ ಗಡುವು ಮೀರಿದರೂ ಹೆಸರು ಆ ಕ್ಷಣವೇ ಹೋಗದು. ಮೊದಲು ಕೆಲವು ದಿನಗಳ ಸಡಿಲವಿರುವುದು. ಆಮೇಲೆ ಮೂವತ್ತು ದಿನಗಳ ಕಾಲ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಅನಂತರ ಐದು ದಿನ ಕಳೆದರೆ ಹೆಸರು ಬಯಲಿಗೆ ಬೀಳುವುದು. ಇಂತಹ ಹೆಸರುಗಳನ್ನು ಹಿಡಿಯುವುದಕ್ಕಾಗಿಯೇ ಯಂತ್ರಗಳನ್ನು ಹೂಡಿ ಕಾದುಕೊಂಡಿರುವ ಜನರಿದ್ದಾರೆ. ಜನರು ನಂಬಿ ಬರುವ ಹಾದಿಯಲ್ಲಿ ತಮ್ಮ ಸರಕನ್ನಿಡುವುದು ಅವರ ಕಸಬು.

ಆದುದರಿಂದ ತಾಣವನ್ನು ಯಾರು ಬೇಕಾದರೂ ಕಟ್ಟಿಕೊಡಲಿ, ಹೆಸರಿನ ಖಾತೆಯು ಮಾತ್ರ ಮನೆಯ ಯಜಮಾನರದೋ ಯಜಮಾನಿಯದೋ ಆಗಿರಬೇಕು. ಇ-ಮೇಲು, ದೂರವಾಣಿ, ಗುಪ್ತಪದ ಇವು ಮೂರೂ ನಿಮ್ಮವೇ ಆಗಿರಲಿ. ಗುಪ್ತಪದವನ್ನು ಮನೆಯ ಪತ್ರಗಳೊಡನೆ ಬರೆದಿಟ್ಟು, ಮನೆಯಲ್ಲಿ ಇನ್ನೊಬ್ಬರಿಗಾದರೂ ತಿಳಿಸಿರಬೇಕು. ಯಜಮಾನರು ಹಾಸಿಗೆ ಹಿಡಿದಾಗ ಅಂಗಡಿಯ ಬೀಗದ ಕೈ ಯಾರ ಬಳಿ ಇರಬೇಕೋ ಅವರ ಬಳಿ ಇದೂ ಇರುವುದು ಲೇಸು. ಇದು ಅತಿಯಾದ ಎಚ್ಚರವೆಂದು ಕೆಲವರಿಗೆ ತೋರಬಹುದು. ನಮ್ಮ ರಿಜರ್ವ್ ಬ್ಯಾಂಕಿನವರು 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ತಮ್ಮ ತಾಣಗಳನ್ನು ‘ಬ್ಯಾಂಕ್ ಡಾಟ್ ಇನ್’ ಎಂದು ಕೊನೆಗೊಳ್ಳುವ ಹೆಸರುಗಳಿಗೆ ಸಾಗಿಸಬೇಕೆಂದು ಅಪ್ಪಣೆ ಮಾಡಿದುದು ಏತಕ್ಕೆ? ಹೆಸರನ್ನು ನೋಡಿ ನಂಬುವ ಜನರು ಮೋಸಹೋಗಬಾರದೆಂದೇ.

ಹೆಸರಿನ ಗೊಡವೆಯೇ ಬೇಡ, ಬಿಟ್ಟಿಯಾಗಿ ದೊರೆಯುವ ಜಾಗದಲ್ಲಿ ಪುಟವೊಂದನ್ನು ಮಾಡಿಕೊಂಡರಾಯಿತೆಂದು ಹೇಳುವವರುಂಟು. ಆರಂಭಕ್ಕೆ ಅದು ಕೆಟ್ಟದ್ದಲ್ಲ. ಆದರೆ ಪರರ ಜಗಲಿಯ ಮೇಲೆ ಅಂಗಡಿಯಿಟ್ಟವನು ಅವರು ಏಳೆಂದಾಗ ಏಳಬೇಕಾಗುವುದು. ಗೂಗಲ್ ಕಂಪೆನಿಯವರು ತಮ್ಮ ನಕ್ಷೆಯಲ್ಲಿ ಹೆಸರು ಬರೆಯಿಸಿದ ವ್ಯಾಪಾರಿಗಳಿಗೆ ಬಿಟ್ಟಿಯಾಗಿ ಚಿಕ್ಕ ತಾಣಗಳನ್ನು ಮಾಡಿಕೊಡುತ್ತಿದ್ದರು. 2024ರ ಮಾರ್ಚಿಯಲ್ಲಿ ಅವೆಲ್ಲವನ್ನೂ ಮುಚ್ಚಿದರು. ನಕ್ಷೆಯಲ್ಲಿ ಹೆಸರು ಬರೆಯಿಸುವುದು ಈಗಲೂ ಬಿಟ್ಟಿಯೇ, ಅವಶ್ಯವಾಗಿ ಮಾಡತಕ್ಕ ಕೆಲಸವೂ ಹೌದು. ಹೆದ್ದಾರಿಯಲ್ಲಿ ಹೋಗುವವನಿಗೆ ದಾರಿ ತೋರುವುದು ಅದೇ. ಆದರೆ ಅದು ಸ್ವಂತ ತಾಣಕ್ಕೆ ಬದಲಲ್ಲ.

ಇನ್ನು ಪುಟಗಳ ವಿಚಾರ. ನಾನು ನೋಡಿದ ಚಿಕ್ಕ ವ್ಯಾಪಾರದ ತಾಣಗಳಲ್ಲಿ ಮುಕ್ಕಾಲು ಪಾಲಿನವು ‘ಗುಣಮಟ್ಟವೇ ನಮ್ಮ ಧ್ಯೇಯ’ವೆಂಬ ಮಾತಿನಿಂದ ಆರಂಭವಾಗುವುವು. ಗಿರಾಕಿಯು ಅದನ್ನು ಓದುವುದಕ್ಕೆ ಬಂದವನಲ್ಲ. ಏನು ಸಿಕ್ಕುವುದು, ಬೆಲೆಯೆಷ್ಟು, ಅಂಗಡಿ ಎಲ್ಲಿದೆ, ಎಷ್ಟು ಹೊತ್ತಿಗೆ ತೆರೆದಿರುವುದು, ಯಾರೊಡನೆ ಮಾತಾಡಬೇಕು—ಇಷ್ಟು ಮೊದಲನೆಯ ಪುಟದಲ್ಲಿಯೇ ಇದ್ದರೆ ಸಾಕು. ದೂರವಾಣಿಯ ಸಂಖ್ಯೆಯು ಬೆರಳಿನಿಂದ ಮುಟ್ಟಿದ ಕೂಡಲೆ ಕರೆ ಹೋಗುವಂತಿರಬೇಕು. ಏಕೆಂದರೆ ನೋಡುವವರಲ್ಲಿ ಹೆಚ್ಚು ಜನರು ಮೊಬೈಲಿನಲ್ಲಿಯೇ ನೋಡುವರು. ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ಇದ್ದ ಹಾಗೆಯೇ ಏರಿಸಬಾರದು. ನಾಲ್ಕೈದು ಮೆಗಾಬೈಟಿನ ಚಿತ್ರವನ್ನು ಇನ್ನೂರು ಕಿಲೋಬೈಟಿಗೆ ಕುಗ್ಗಿಸಿದರೂ ನೋಟಕ್ಕೆ ಹೆಚ್ಚು ಕೊರತೆಯಾಗದು. ಸಿಗ್ನಲ್ಲು ಮಂದವಾಗಿರುವ ಹಳ್ಳಿಯಲ್ಲಿ ಪುಟವು ಬೇಗನೆ ತೆರೆಯುವುದು.

ಕನ್ನಡದ ವಿಷಯದಲ್ಲಿ ಒಂದು ಮಾತು. ಅಚ್ಚುಕೂಟದವರು ಮಾಡಿಕೊಟ್ಟ ಕರಪತ್ರದ ಚಿತ್ರವನ್ನೇ ತಾಣದಲ್ಲಿ ಹಾಕಿ ಸುಮ್ಮನಾಗುವುದು ನಮ್ಮಲ್ಲಿ ಬಹಳ. ಚಿತ್ರದಲ್ಲಿರುವ ಅಕ್ಷರವನ್ನು ಹುಡುಕುವ ಯಂತ್ರಗಳು ಅಕ್ಷರವೆಂದು ಗ್ರಹಿಸುವವೆಂಬ ಭರವಸೆಯಿಲ್ಲ. ‘ಕೂಡ್ಲಿಗಿ ಶೇಂಗಾ ಎಣ್ಣೆ’ ಎಂದು ಹುಡುಕಿದವನಿಗೆ ಆ ಪುಟವು ಸಿಕ್ಕದೆಯೇ ಹೋಗಬಹುದು. ಹಳೆಯ ಪದ್ಧತಿಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ್ದನ್ನು ತಂದು ಅಂಟಿಸಿದರೆ ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಮೂಡುವುವು. ಯೂನಿಕೋಡ್ ಎಂಬ ಲೋಕಸಮ್ಮತವಾದ ಪದ್ಧತಿಯಲ್ಲಿ ಬರೆದ ಕನ್ನಡವು ಎಲ್ಲ ಯಂತ್ರಗಳಲ್ಲಿಯೂ ಕನ್ನಡವಾಗಿಯೇ ಕಾಣುವುದು. ಇಂಗ್ಲಿಷಿನಲ್ಲಿಯೂ ನಾಲ್ಕು ಸಾಲುಗಳಿರಲಿ. ಬೆಂಗಳೂರಿನಲ್ಲಿ ಬೆಳೆದ ಮೊಮ್ಮಕ್ಕಳು ಅಜ್ಜಿಗಾಗಿ ಎಣ್ಣೆ ತರಿಸುವಾಗ ಅದು ಉಪಯೋಗಕ್ಕೆ ಬರುವುದು.

ಆಹಾರಪದಾರ್ಥವನ್ನು ಮಾರುವವರು ಎಫ್‌ಎಸ್‌ಎಸ್‌ಎಐ ಕೊಟ್ಟ ಹದಿನಾಲ್ಕು ಅಂಕೆಗಳ ಸಂಖ್ಯೆಯನ್ನು ಪುಟದಲ್ಲಿ ಕಾಣಿಸಿರುವುದು ಒಳ್ಳೆಯದು. ತಾಣದ ಮೂಲಕವೇ ಮಾರಾಟ ನಡೆಸುವವರಿಗೆ 2020ರ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳು ಅನ್ವಯಿಸುವುವು. ವ್ಯಾಪಾರದ ನಿಜನಾಮ, ವಿಳಾಸ, ದೂರು ಕೇಳುವವರ ಹೆಸರು ಇವನ್ನು ಪ್ರಕಟಿಸಬೇಕು. ಬಂದ ದೂರು ತಲುಪಿತೆಂದು ನಲವತ್ತೆಂಟು ಗಂಟೆಗಳೊಳಗೆ ತಿಳಿಸಿ ಒಂದು ತಿಂಗಳಿನೊಳಗೆ ಪರಿಹರಿಸಬೇಕು.

ತಾಣವನ್ನು ಕಟ್ಟುವುದಕ್ಕಿಂತ ಕಾಪಾಡುವುದು ಕಷ್ಟ. ಕಷ್ಟವೆಂದರೆ ಬುದ್ಧಿಯ ಕಷ್ಟವಲ್ಲ, ಅಭ್ಯಾಸದ ಕಷ್ಟ. ವಿಳಾಸದ ಮೊದಲಿಗೆ ಎಚ್‌ಟಿಟಿಪಿಎಸ್ ಎಂಬ ಗುರುತು ಇಲ್ಲದಿದ್ದರೆ ‘ಸುರಕ್ಷಿತವಲ್ಲ’ವೆಂಬ ಎಚ್ಚರಿಕೆಯು ತೋರಿ ಗಿರಾಕಿಯು ಹೆದರುವನು. ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸೇವೆಯು ಬಿಟ್ಟಿಯಾಗಿಯೇ ಕೊಡುವುದು. ಅದು ತಾನಾಗಿಯೇ ನವೀಕರಣವಾಗುವಂತೆ ಜಾಗ ಕೊಟ್ಟವರಿಂದ ಏರ್ಪಾಡು ಮಾಡಿಸಿಕೊಳ್ಳಬೇಕು. ವರ್ಡ್‌ಪ್ರೆಸ್ ಮೊದಲಾದ ತಂತ್ರಾಂಶಗಳಲ್ಲಿ ಕಟ್ಟಿದ ತಾಣಕ್ಕೆ ಆಗಾಗ್ಗೆ ಹೊಸ ತಿದ್ದುಪಾಡುಗಳು ಬರುವುವು. ಅವನ್ನು ಹಾಕದೆ ಬಿಟ್ಟರೆ ಕಿಟಕಿಯ ಅಗಳಿಯನ್ನು ಹಾಕದೆ ಮಲಗಿದಂತೆ. ಪುಟಗಳ ಪ್ರತಿಯೊಂದನ್ನು ತಿಂಗಳಿಗೊಮ್ಮೆ ಮನೆಯ ಗಣಕದಲ್ಲಿ ಇಳಿಸಿಟ್ಟುಕೊಳ್ಳುವುದನ್ನೂ ಮರೆಯಬಾರದು.

ಎಲ್ಲಕ್ಕಿಂತ ಸುಲಭವಾದ ಕೆಲಸವೂ ಎಲ್ಲರೂ ಬಿಡುವ ಕೆಲಸವೂ ಒಂದೇ: ತಮ್ಮ ತಾಣವನ್ನು ಪರರಂತೆ ಹೊರಗಿನಿಂದ ನೋಡುವುದು. ನಮ್ಮ ತಾಲ್ಲೂಕು 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆಗೆ ಸೇರಿತಷ್ಟೆ; ಮಾವನವರ ತಾಣದಲ್ಲಿ ಕೊನೆಯವರೆಗೂ ಬಳ್ಳಾರಿ ಜಿಲ್ಲೆಯೆಂದೇ ಇತ್ತು. ಎಣ್ಣೆಯ ಧಾರಣೆಯಂತೂ ಒಂದು ವರ್ಷ ಹಿಂದಿನದು. ಹಳೆಯ ಬೆಲೆಯನ್ನು ನೋಡಿಕೊಂಡು ಕರೆ ಮಾಡಿದವರೊಡನೆ ಅವರು ಎಷ್ಟು ಸಲ ಚರ್ಚೆ ಮಾಡಿದ್ದರೋ ತಿಳಿಯದು. “ಅದು ಹಳೇದಪ್ಪ, ಈಗ ರೇಟು ಬೇರೆ” ಎಂದು ಹೇಳಿ ಮುಗಿಸುತ್ತಿದ್ದರೇ ಹೊರತು ತಿದ್ದಿಸಿದವರಲ್ಲ.

ಹಳೆಯ ಹೆಸರನ್ನು ಮರಳಿ ಪಡೆಯಲು ಕೇಳಿದ ಹಣವು ಗಾಣದ ಆರು ತಿಂಗಳ ಲಾಭವನ್ನು ಮೀರಿದುದರಿಂದ ಅದನ್ನು ಬಿಟ್ಟೇ ಬಿಡಬೇಕಾಯಿತು. ಹೊಸ ಹೆಸರನ್ನು ಅತ್ತೆಯವರ ಹೆಸರಿನ ಖಾತೆಯಲ್ಲಿ ಐದು ವರ್ಷಗಳಿಗೆ ನೋಂದಾಯಿಸಿದ್ದಾಯಿತು. ಪುಟಗಳನ್ನು ಸೊಸೆಯೇ ಕಲಿತು ಕಟ್ಟಿದಳು, ಬಿ.ಕಾಂ. ಓದಿ ಅಡಿಗೆಮನೆ ಸೇರಿದ ಹುಡುಗಿಗೆ ಅದಕ್ಕೆ ಹಿಡಿದುದು ಹನ್ನೊಂದು ದಿನ. ಪ್ರತಿ ಸೋಮವಾರ ಬೆಳಿಗ್ಗೆ ಧಾರಣೆಯನ್ನು ತಿದ್ದುವುದು ಈಗ ಅವಳ ಕೆಲಸ. ಆ ದೀಪಾವಳಿಯ ರಾತ್ರಿಗಳಲ್ಲಿ ಅತ್ತೆ ಸೊಸೆಯರಿಬ್ಬರೂ ಕುಳಿತು, ಉಳಿದಿದ್ದ ಸಾವಿರದ ಚಿಲ್ಲರೆ ಚೀಟಿಗಳ ಮೇಲೆ ಹೊಸ ಹೆಸರಿನ ಸಣ್ಣ ಕಾಗದವನ್ನು ಒಂದೊಂದಾಗಿ ಅಂಟಿಸಿದರು.

ಮೊನ್ನೆ ಹೋಗಿದ್ದಾಗ ನೋಡಿದೆನು. ನಡುಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಕೆಂಪು ಶಾಯಿಯಿಂದ ‘ಹೆಸರಿನ ದುಡ್ಡು—2028’ ಎಂದು ಬರೆದಿದೆ. ಕ್ಯಾಲೆಂಡರು ಬದಲಾದಾಗಲೆಲ್ಲ ಅತ್ತೆಯವರೇ ಅದನ್ನು ಹೊಸದಕ್ಕೆ ಇಳಿಸಿಕೊಳ್ಳುವರಂತೆ. “ಇನ್ನೂ ಟೈಮ್ ಐತಲ್ಲ, ಅತ್ತೆ” ಎಂದೆನು. “ಟೈಮ್ ಐತಿ ಅಂತಾನೇ ನಿಮ್ಮ ಮಾವ ಕೂತಿದ್ರು” ಎಂದು ಅವರು ಒಳಗಿನಿಂದ ಕೂಗಿದರು.