ಮನೆಬೆಕ್ಕಿನ ಮಧುಮೇಹ ಮತ್ತು ಅದರ ಗೃಹೋಪಚಾರ

ಘಟಪ್ರಭಾ, ಹಿರಣ್ಯಕೇಶಿ ನದಿಗಳ ನೀರುಂಡು ಬೆಳೆಯುವ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳು ಕಬ್ಬಿನ ಸೀಮೆಯೆಂದು ಹೆಸರಾದವು. ಇಲ್ಲಿಯ ಬೆಲ್ಲವೂ ಗೋಕಾಕದ ಕರದಂಟೂ ದೂರದ ಊರುಗಳಿಗೆ ಹೋಗುತ್ತವೆ. ಈ ಸೀಮೆಯ ಮನೆಗಳಲ್ಲಿ ಇಲಿಗಳ ಕಾಟ ತಪ್ಪಿಸುವುದಕ್ಕೂ ಅಕ್ಕರೆಗೂ ಬೆಕ್ಕನ್ನು ಸಾಕುವ ರೂಢಿ ಹಳೆಯದು. ಮನುಷ್ಯರನ್ನು ಕಾಡುವ 'ಸಕ್ಕರೆ ಬೇನೆ' ಬೆಕ್ಕಿಗೂ ಬರುತ್ತದೆಂದರೆ ಕೆಲವರು ನಕ್ಕಾರು. ಆದರೆ ಉಪಚಾರವಿಲ್ಲದ ಮಧುಮೇಹ ಬೆಕ್ಕಿನ ಪ್ರಾಣವನ್ನು ಕಳೆಯುತ್ತದೆ. ಸಕಾಲದಲ್ಲಿ ಉಪಚರಿಸಿದ ಬೆಕ್ಕು ವರ್ಷಗಳ ಕಾಲ ನೆಮ್ಮದಿಯಿಂದ ಬದುಕಬಲ್ಲದು. ಈ ಉಪಚಾರದ ಬಹುಭಾಗ ನಡೆಯುವುದು ಮನೆಯಲ್ಲಿ. ಅದರ ಯಶಸ್ಸು ಅಳತೆ, ಹೊತ್ತು ಇವೆರಡರ ನೇಮವನ್ನು ಅವಲಂಬಿಸಿರುವುದೆಂಬುದನ್ನು ಪ್ರಕೃತ ಲೇಖನದಲ್ಲಿ ವಿವರಿಸಬಯಸುತ್ತೇವೆ.

ಮೊದಲು ರೋಗದ ಸ್ವರೂಪವನ್ನು ನೋಡೋಣ. ಮಧುಮೇಹಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕಸಂಹಿತೆಯೇ ಗುರುತಿಸಿದೆ. ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದ ನಾಯಿಗೆ ಮಧುಮೇಹ ಬರುವುದೆಂದು 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬವರು ತೋರಿಸಿದರು. 1921ರಲ್ಲಿ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಆ ಗ್ರಂಥಿಯ ಸಾರವನ್ನು ನಾಯಿಗಳ ಮೇಲೆ ಪ್ರಯೋಗಿಸಿದರು. ಇನ್ಸುಲಿನ್ ಲೋಕಕ್ಕೆ ದೊರೆತುದು ಹೀಗೆ. ರಕ್ತದಲ್ಲಿಯ ಗ್ಲೂಕೋಸನ್ನು ಸ್ನಾಯು, ಕೊಬ್ಬು ಮೊದಲಾದ ಧಾತುಗಳ ಜೀವಕೋಶಗಳೊಳಕ್ಕೆ ಸೇರಿಸುವುದು ಈ ರಸದ ಮುಖ್ಯ ಕಾರ್ಯ. ಬೆಕ್ಕಿಗೆ ಬರುವ ಮಧುಮೇಹವು ಸಾಮಾನ್ಯವಾಗಿ ಮನುಷ್ಯರಲ್ಲಿ ನಡುವಯಸ್ಸಿನ ಮೇಲೆ ಬರುವ ಎರಡನೆಯ ಬಗೆಯದನ್ನು ಹೋಲುತ್ತದೆ: ಒಂದೆಡೆ ದೇಹವು ಇನ್ಸುಲಿನ್ನಿಗೆ ಸರಿಯಾಗಿ ಓಗೊಡದು, ಇನ್ನೊಂದೆಡೆ ಅದನ್ನು ಉತ್ಪಾದಿಸುವ ಕೋಶಗಳು ಕ್ರಮೇಣ ಬಳಲಿ ನಾಶವಾಗುತ್ತವೆ. ವಯಸ್ಸಾದ, ಮೈ ಬೆಳೆದ, ಬೀಜ ತೆಗೆಸಿದ ಗಂಡುಬೆಕ್ಕುಗಳಲ್ಲಿ ಇದು ಹೆಚ್ಚು. ತುರಿಕೆ ಮುಂತಾದವುಗಳಿಗೆ ಪದೇಪದೇ ಕೊಟ್ಟ ಸ್ಟೀರಾಯ್ಡ್ ಔಷಧಗಳೂ ಕಾರಣವಾಗಬಹುದು.

ಬೆಕ್ಕು ನಿಸರ್ಗತಃ ಮಾಂಸಾಹಾರಿ. ಸಿಹಿಯನ್ನು ಗ್ರಹಿಸಲು ಬೇಕಾದ ಒಂದು ವಂಶವಾಹಿ ಅದರಲ್ಲಿ ಕೆಟ್ಟಿರುವುದೆಂದು 2005ರಲ್ಲಿ ತಿಳಿದುಬಂದಿತು. ಎಂದರೆ, ಬೆಲ್ಲದ ನಾಡಿನಲ್ಲಿದ್ದರೂ ಬೆಲ್ಲದ ಸವಿ ಅದಕ್ಕೆ ತಿಳಿಯದು. ಪಿಷ್ಟವನ್ನು ಹೆಚ್ಚಾಗಿ ಅರಗಿಸಿ ವಿನಿಯೋಗಿಸುವ ಸೌಕರ್ಯವೂ ಅದರ ಯಕೃತ್ತಿಗೆ ಕಡಿಮೆ. ಆದರೆ ನಮ್ಮ ಮನೆಗಳಲ್ಲಿ ಅದಕ್ಕೆ ದೊರೆಯುವುದು ಹಾಲಿನಲ್ಲಿ ನೆನೆಸಿದ ರೊಟ್ಟಿ, ಚಪಾತಿ ಇಲ್ಲವೆ ಅನ್ನ. ಇಲಿ ಹಿಡಿದು ತಿನ್ನುವ ಬೆಕ್ಕಿಗೆ ಇದು ಉಪಾಹಾರವಾದೀತು; ಒಳಗೇ ಮಲಗಿರುವ ಬೆಕ್ಕಿಗೆ ಇದೇ ಪೂರ್ಣಾಹಾರವಾದರೆ ಕೆಡುಕು.

ಲಕ್ಷಣಗಳು ಸ್ಪಷ್ಟವಾಗಿಯೇ ಇರುತ್ತವೆ. ಬೆಕ್ಕು ಮೇಲಿಂದ ಮೇಲೆ ನೀರು ಕುಡಿಯುತ್ತದೆ, ಹೆಚ್ಚು ಮೂತ್ರ ಮಾಡುತ್ತದೆ, ಹಸಿದು ತಿಂದರೂ ಸೊರಗುತ್ತದೆ. ಕೆಲವು ಬೆಕ್ಕುಗಳ ಹಿಂಗಾಲಿನ ನರಗಳು ದುರ್ಬಲವಾಗಿ, ಬೆರಳುಗಳ ಮೇಲೆ ನಡೆಯಬೇಕಾದ ಪ್ರಾಣಿ ಹಿಮ್ಮಡಿಯೂರಿ ನಡೆಯತೊಡಗುತ್ತದೆ. ಹೊಲ, ಹಿತ್ತಲು ತಿರುಗುವ ಬೆಕ್ಕಿನ ಮೂತ್ರ ಯಾರ ಕಣ್ಣಿಗೂ ಬೀಳದಾದುದರಿಂದ, ಸಂಶಯ ಬಂದಾಗ ಕೆಲವು ದಿನ ಅದನ್ನು ಒಳಗಿರಿಸಿ ಮರಳಿನ ತಟ್ಟೆ ಇಡುವುದು ಒಳಿತು. ಆದರೆ ಹೆದರಿದ ಬೆಕ್ಕಿನ ರಕ್ತದಲ್ಲಿ ಗ್ಲೂಕೋಸು ತಾತ್ಕಾಲಿಕವಾಗಿ ಏರುವುದುಂಟು. ಆಸ್ಪತ್ರೆಯ ಒಂದೇ ಪರೀಕ್ಷೆಯಿಂದ ರೋಗವನ್ನು ನಿಶ್ಚಯಿಸಲಾಗದು. ಮೂತ್ರಪರೀಕ್ಷೆಯನ್ನೂ, ಸಾಧ್ಯವಿದ್ದಲ್ಲಿ ಹಲವು ದಿನಗಳ ಸರಾಸರಿಯನ್ನು ತೋರುವ ಫ್ರಕ್ಟೋಸಮೈನ್ ಪರೀಕ್ಷೆಯನ್ನೂ ವೈದ್ಯರು ಮಾಡಿಸುತ್ತಾರೆ.

ಚಿಕಿತ್ಸೆಗೆ ಎರಡು ಕಂಬಗಳು: ಆಹಾರ ಮತ್ತು ಇನ್ಸುಲಿನ್. ಆಹಾರದಲ್ಲಿ ಪಿಷ್ಟ ಕಡಿಮೆಯಾಗಿ ಪ್ರಾಣಿಜನ್ಯ ಸಸಾರಜನಕ ಹೆಚ್ಚಾಗಬೇಕು. ಶಾಕಾಹಾರಿ ಮನೆತನಗಳಿಗೆ ಇದೊಂದು ನಿಜವಾದ ಧರ್ಮಸಂಕಟ. ಆದರೆ ಟಾರೀನ್ ಎಂಬ ದ್ರವ್ಯವನ್ನು ಬೆಕ್ಕಿನ ದೇಹ ಸಾಕಷ್ಟು ನಿರ್ಮಿಸಿಕೊಳ್ಳಲಾರದು. ಅದು ಮುಖ್ಯವಾಗಿ ಮಾಂಸ, ಮೀನುಗಳಲ್ಲಿದೆ. ಅದರ ಕೊರತೆಯಿಂದ ಕಣ್ಣಿನ ಅಕ್ಷಿಪಟಲ ಕೆಡುವುದೆಂದು 1975ರಲ್ಲಿಯೂ, ಹೃದಯದ ಸ್ನಾಯು ಸೋಲುವುದೆಂದು 1987ರಲ್ಲಿಯೂ ಸಿದ್ಧವಾಯಿತು. ಮನೆಯಲ್ಲಿ ಮಾಂಸ ಬೇಯಿಸಲೊಲ್ಲದವರು ಬೆಕ್ಕಿಗೆಂದೇ ಸಿದ್ಧಪಡಿಸಿದ ಡಬ್ಬಿಯ ಹಸಿ ಆಹಾರವನ್ನು ಕೊಳ್ಳಬಹುದು. ಒಣಕಾಳಿನ ರೂಪದ ಆಹಾರದಲ್ಲಿ ಪಿಷ್ಟವು ಸಾಮಾನ್ಯವಾಗಿ ಹೆಚ್ಚು. ಇನ್ಸುಲಿನ್ ಆಗಲೇ ನಡೆದಿದ್ದರೆ ಆಹಾರವನ್ನು ವೈದ್ಯರಿಗೆ ತಿಳಿಸದೆ ಬದಲಿಸಬಾರದು: ಪಿಷ್ಟ ಇಳಿದಂತೆ ಔಷಧದ ಪ್ರಮಾಣವೂ ಇಳಿಯಬೇಕಾಗುತ್ತದೆ.

ಇನ್ಸುಲಿನ್ನನ್ನು ಸಾಮಾನ್ಯವಾಗಿ ಹನ್ನೆರಡು ಗಂಟೆಗೊಮ್ಮೆ ಚರ್ಮದ ಕೆಳಗೆ ಚುಚ್ಚುತ್ತಾರೆ. ಗ್ಲಾರ್ಜಿನ್, ಪ್ರೋಟಮೈನ್ ಜಿಂಕ್ ಎಂಬ ನಿಧಾನಗತಿಯ ಬಗೆಗಳು ಬೆಕ್ಕಿಗೆ ಹೆಚ್ಚು ಒಪ್ಪುತ್ತವೆ. ಆರಂಭದ ಪ್ರಮಾಣ ಅನೇಕವೇಳೆ ಒಂದು ಯೂನಿಟ್ಟಿನಷ್ಟೇ. ಅದನ್ನು ಗೊತ್ತುಮಾಡುವವರು ಪಶುವೈದ್ಯರು. ಇಲ್ಲಿಯೇ ನಮ್ಮ ದೇಶದ ವಿಶೇಷವಾದೊಂದು ಅಪಾಯವಿದೆ. ಭಾರತದಲ್ಲಿ ಮನುಷ್ಯರಿಗೆ ಮಾರುವ ಇನ್ಸುಲಿನ್ ಸೀಸೆಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್ಟಿನವೂ ಉಂಟು, 100 ಯೂನಿಟ್ಟಿನವೂ ಉಂಟು. ಸಿರಿಂಜುಗಳೂ ಅವುಗಳಿಗೆ ತಕ್ಕಂತೆ ಎರಡು ಬಗೆ: 40ರದಕ್ಕೆ ಸಾಮಾನ್ಯವಾಗಿ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ್ದು. ಅಜ್ಜನ ಸಿರಿಂಜೂ ಬೆಕ್ಕಿನ ಔಷಧವೂ ಒಂದೇ ಕಪಾಟಿನಲ್ಲಿದ್ದರೆ ಅದಲುಬದಲಾಗುವುದು ಸುಲಭ. 100ರ ಔಷಧವನ್ನು 40ರ ಸಿರಿಂಜಿನಲ್ಲಿ 2ರ ಗೆರೆಯವರೆಗೆ ಎಳೆದರೆ ಒಳಬರುವುದು 0.05 ಮಿಲಿಲೀಟರು, ಅದರಲ್ಲಿ 5 ಯೂನಿಟ್ಟುಗಳಿವೆ. ನಾಲ್ಕು ಕಿಲೋ ತೂಕದ ಪ್ರಾಣಿಗೆ ಎರಡೂವರೆ ಪಟ್ಟಿನ ಈ ತಪ್ಪು ಮಾರಕವಾಗಬಹುದು. ಆದುದರಿಂದ ಸೀಸೆಯ ಅಂಕಿ, ಸಿರಿಂಜಿನ ಅಂಕಿ ಎರಡೂ ಒಂದೇ ಆಗಿವೆಯೇ ಎಂದು ಪ್ರತಿಸಲವೂ ಓದಿ ನೋಡತಕ್ಕದ್ದು.

ಸೀಸೆಯನ್ನು ಶೀತಪೆಟ್ಟಿಗೆಯಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕು. ಹೆಪ್ಪುಗಟ್ಟಿದ ಔಷಧ ನಿರುಪಯುಕ್ತ. ಬೇಸಗೆಯಲ್ಲಿ ವಿದ್ಯುತ್ತು ಬಹಳ ಹೊತ್ತು ಹೋದರೆ, ಸೀಸೆಯನ್ನು ನೀರು ತಾಗದಂತೆ ಡಬ್ಬಿಯೊಳಗಿಟ್ಟು, ಒದ್ದೆ ಮರಳಿನಲ್ಲಿ ಕೂರಿಸಿದ ಮಣ್ಣಿನ ಗಡಿಗೆಯಲ್ಲಿರಿಸಿ ಕೆಲಕಾಲ ಕಾಪಾಡಬಹುದು.

ಬೆಕ್ಕು ಉಂಡುದನ್ನು ನೋಡಿ ಚುಚ್ಚುವುದು ಉತ್ತಮ ಕ್ರಮ. ಅದು ಉಣ್ಣದಿದ್ದರೆ ಅಥವಾ ವಾಂತಿ ಮಾಡಿದರೆ ಪೂರ್ಣ ಪ್ರಮಾಣ ಕೊಡದೆ ವೈದ್ಯರನ್ನು ಕೇಳಬೇಕು. ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತಿಗೆ ಇಮ್ಮಡಿ ಕೊಡಬಾರದು. ಚುಚ್ಚುವಾಗ ಬೆಕ್ಕು ಜಿಗಿದು ಔಷಧ ಕೂದಲ ಮೇಲೆ ಚೆಲ್ಲಿದರೂ ಮತ್ತೆ ಚುಚ್ಚಲಾಗದು. ಒಳಗೆ ಎಷ್ಟು ಹೋಯಿತೆಂಬುದು ತಿಳಿಯದಷ್ಟೆ. ಒಂದು ಹೊತ್ತು ಸಕ್ಕರೆ ಏರಿದರೆ ಆಗುವ ಹಾನಿ ಅಲ್ಪ. ಅದು ಕುಸಿದರೆ ಆಗುವ ಹಾನಿ ಕೂಡಲೇ ಪ್ರಾಣಕ್ಕೆ ಬರುತ್ತದೆ.

ಕುಸಿತದ ಗುರುತುಗಳು: ನಿಶ್ಶಕ್ತಿ, ತೂರಾಡುವ ನಡಿಗೆ, ನಡುಕ, ಕೊನೆಗೆ ಸೆಳವು. ಆಗ ಎಚ್ಚರವಿರುವ ಬೆಕ್ಕಿಗೆ ಕೂಡಲೇ ಆಹಾರ ಕೊಟ್ಟು, ಗ್ಲೂಕೋಸು ಪುಡಿಯ ಪಾಕವನ್ನೋ ಜೇನುತುಪ್ಪವನ್ನೋ ವಸಡಿಗೆ ಸವರಬೇಕು. ಇವು ಸಿಗದಿದ್ದಲ್ಲಿ ಬೆಲ್ಲದ ಪಾಕವೂ ಆಗಬಹುದು. ಆದರೆ ಬೆಲ್ಲದ ಸಕ್ಕರೆ ಬಹುಪಾಲು ಕರುಳಿನಲ್ಲಿ ಒಡೆದ ಮೇಲೆಯೇ ರಕ್ತಕ್ಕೆ ಸೇರುವುದರಿಂದ ಗ್ಲೂಕೋಸೇ ಮೇಲು. ಪ್ರಜ್ಞೆಯಿಲ್ಲದಾಗ ಬಾಯಿಗೆ ಸುರಿಯಬಾರದು, ಶ್ವಾಸನಾಳಕ್ಕೆ ಹೋದೀತು. ಅನಂತರ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ಇದಕ್ಕೆ ಬೇರೆಯಾಗಿ, ಬೆಕ್ಕು ಆಹಾರ ಬಿಟ್ಟು, ವಾಂತಿಯಾಗಿ, ಮಂಕಾಗಿ, ಉಸಿರಿನಲ್ಲಿ ಅಸಿಟೋನಿನ ವಾಸನೆ ಬಂದರೆ ಅದು ಕೀಟೋನುಗಳ ವಿಷಮಸ್ಥಿತಿ, ಅದಕ್ಕೆ ಮನೆಮದ್ದಿಲ್ಲ.

2022ರ ಡಿಸೆಂಬರಿನಲ್ಲಿ ಬೆಕ್ಸಾಗ್ಲಿಫ್ಲೋಜಿನ್, 2023ರಲ್ಲಿ ವೆಲಾಗ್ಲಿಫ್ಲೋಜಿನ್ ಎಂಬ, ಬಾಯಿಂದ ಕೊಡುವ ಔಷಧಗಳಿಗೆ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಹಿಂದೆ ಇನ್ಸುಲಿನ್ ಪಡೆಯದ, ಉಳಿದಂತೆ ಆರೋಗ್ಯವಾಗಿರುವ ಬೆಕ್ಕುಗಳಿಗಷ್ಟೇ ಅವು ಸಲ್ಲುತ್ತವೆ. ಕೀಟೋನಿನ ಅಪಾಯವೂ ಅವುಗಳೊಡನಿದೆ. ಹಿರಿಯರ ಸಕ್ಕರೆ ಮಾತ್ರೆಯನ್ನು ಮುರಿದು ಬೆಕ್ಕಿಗೆ ಹಾಕುವುದಂತೂ ಸರ್ವಥಾ ಸಲ್ಲದು.

ತಾಲೂಕಿನ ಪಶು ಆಸ್ಪತ್ರೆಗಳಲ್ಲಿ ದನ, ಎಮ್ಮೆ, ಆಡು, ಕುರಿಗಳ ಚಿಕಿತ್ಸೆಯೇ ಮುಖ್ಯ ಕಾರ್ಯವಾಗಿರುವುದು ಸಹಜ. ಆದುದರಿಂದ ಮನೆಯವರ ದಿನಚರಿ ಪುಸ್ತಕವೇ ವೈದ್ಯರಿಗೆ ದೊಡ್ಡ ನೆರವು. ಉಂಡ ಹೊತ್ತು, ಔಷಧದ ಪ್ರಮಾಣ, ಕುಡಿದ ನೀರು, ವಾರಕ್ಕೊಮ್ಮೆ ತೂಕ—ಇಷ್ಟನ್ನು ಬರೆದಿಡಬೇಕು. ಬೆಕ್ಕನ್ನೆತ್ತಿಕೊಂಡು ತೂಗಿ ತಮ್ಮ ತೂಕವನ್ನು ಕಳೆದರೆ ಅದರ ತೂಕ ದೊರೆಯುತ್ತದೆ. ಕಿವಿಯಂಚಿನ ಒಂದು ಹನಿ ರಕ್ತವನ್ನು ಗ್ಲೂಕೋಮೀಟರಿನಲ್ಲಿ ನೋಡುವುದನ್ನೂ ಕಲಿಯಬಹುದು. ಮನುಷ್ಯರ ಯಂತ್ರವು ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಕಡಿಮೆ ಅಂಕಿ ತೋರಿಸುವುದೆಂಬುದು ನೆನಪಿರಲಿ.

ಈ ಬರಹಕ್ಕೆ ಇನ್ನೊಂದು ಪ್ರಯೋಜನವೂ ಉಂಟು. ಮೊದಲ ತಿಂಗಳುಗಳಲ್ಲಿಯೇ ಸರಿಯಾಗಿ ಉಪಚರಿಸಿದ ಬೆಕ್ಕುಗಳಲ್ಲಿ ಹಲವಕ್ಕೆ ಮುಂದೆ ಇನ್ಸುಲಿನ್ನೇ ಬೇಡವಾಗುತ್ತದೆ. ಬಳಲಿದ ಕೋಶಗಳು ಚೇತರಿಸಿಕೊಂಡ ಆ ದಿನಗಳಲ್ಲಿ ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ಔಷಧವೇ ವಿಷವಾದೀತು. ನೀರು ಕುಡಿಯುವುದು ತಗ್ಗಿ, ತೂಕ ನಿಂತು, ಗ್ಲೂಕೋಸಿನ ಅಂಕಿ ಇಳಿಯುತ್ತಿದೆಯೆಂದು ಪುಸ್ತಕದಲ್ಲಿ ಕಂಡ ಕೂಡಲೇ ಅದನ್ನು ವೈದ್ಯರಿಗೆ ತೋರಿಸಿ ಪ್ರಮಾಣವನ್ನು ಇಳಿಸಿಕೊಳ್ಳತಕ್ಕದ್ದು.