ಚಳಿಗಿಂತ ಇಬ್ಬನಿಯೇ ಜೋರು

ಡಿಸೆಂಬರ್, ಜನವರಿಯಲ್ಲಿ ಮಂಡ್ಯ ಜಿಲ್ಲೆಯ ಬಯಲಲ್ಲಿ ಟೆಂಟ್ ಹಾಕಿ ರಾತ್ರಿ ಕಳೆಯುವ ಕುಟುಂಬವನ್ನು ಚಳಿಗಿಂತ ಹೆಚ್ಚು ಕಾಡುವುದು ಇಬ್ಬನಿ. ಇಲ್ಲಿ ರಾತ್ರಿಯ ಕನಿಷ್ಠ ತಾಪಮಾನ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಚಳಿ ಬಿಗಿದಾಗ ಇನ್ನು ಮೂರ್ನಾಲ್ಕು ಡಿಗ್ರಿ ಇಳಿಯುತ್ತದೆ, ಅಷ್ಟೆ. ಅಂಗಡಿಯಲ್ಲಿ ಸಿಗುವ ಸಾಮಾನುಗಳ ಮೇಲಾದರೋ ಹಿಮಬೆಟ್ಟದ ಚಿತ್ರ. ಹೊಸದಾಗಿ ಕೊಂಡದ್ದನ್ನು ಮೊದಲ ಬಾರಿ ಬಳಸುವವರು ಆ ಚಿತ್ರ ಬಿಟ್ಟು ಇಲ್ಲಿನ ನೆಲ ನೋಡಬೇಕು.

ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ಬಹುಭಾಗ ಕಾವೇರಿ ಮತ್ತು ನಾಲೆಗಳ ನೀರುಂಡ ಗದ್ದೆ ಸೀಮೆ. ಭತ್ತ, ಕಬ್ಬಿನ ನಡುವೆ ನೆಲ ತಂಪು, ಬೆಳಗಿನ ಜಾವ ಮಂಜು ದಟ್ಟ. ನಾಗಮಂಗಲ ಮತ್ತು ಕೆ.ಆರ್. ಪೇಟೆಯ ಮೇಲುಸೀಮೆ ರಾಗಿ, ಹುರುಳಿಯ ಹೊಲ. ಅಲ್ಲಿ ನೆಲ ಒಣ, ಗಾಳಿ ಹೆಚ್ಚು. ಕೆಂಪು ಮಣ್ಣು ಗಟ್ಟಿಯಾದ ಮೇಲೆ ಟೆಂಟ್ ಜೊತೆ ಬರುವ ತೆಳು ಅಲ್ಯೂಮಿನಿಯಂ ಗೂಟಗಳು ನಾಲ್ಕೇಟಿಗೆ ಬಾಗುತ್ತವೆ. ಒಂದು ಅಡಿ ಉದ್ದದ ಕಬ್ಬಿಣದ ಗೂಟ, ಒಂದು ಸುತ್ತಿಗೆ ಚೀಲದಲ್ಲಿದ್ದರೆ ಗೆದ್ದಂತೆ. ಕಲ್ಲು ನೆಲದಲ್ಲಿ ಅದೂ ಇಳಿಯದು. ಕಂಬಿಗಳ ಮೇಲೆ ತಾನೇ ನಿಲ್ಲುವ ಗುಮ್ಮಟದಾಕಾರದ ಟೆಂಟ್ ಹಾಕಿ ಹಗ್ಗಗಳನ್ನು ಗುಂಡುಕಲ್ಲಿಗೆ ಬಿಗಿಯಬೇಕು.

ಡೇರೆ ಈ ಸೀಮೆಗೆ ಹೊಸದೇನಲ್ಲ. ಹೈದರ್, ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದಲೇ ಹಿರೋಡೆಗೆ, ಅಂದರೆ ಇಂದಿನ ಪಾಂಡವಪುರಕ್ಕೆ, ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂತು. ಟಿಪ್ಪುವಿನದೆಂದು ಹೇಳುವ ಹೂಬಳ್ಳಿ ಚಿತ್ತಾರದ ಹತ್ತಿಯ ಡೇರೆ 1799ರ ಸೋಲಿನ ನಂತರ ಸಾಗರ ದಾಟಿ ಈಗ ವೇಲ್ಸ್‌ನ ಪೋವಿಸ್ ಕೋಟೆಯಲ್ಲಿದೆ; ಒಯ್ದ ಮನೆತನ ಅದನ್ನು ತೋಟದ ಕೂಟಗಳಿಗೆ ಬಳಸಿತ್ತು. ಹತ್ತಿ ಭಾರ, ಆದರೆ ಗಾಳಿಯಾಡುತ್ತದೆ. ಇಂದಿನ ಪಾಲಿಯೆಸ್ಟರ್ ಹಗುರ, ನೀರು ಬಿಡದು. ಒಳಗಿನ ಉಸಿರಿನ ತೇವವನ್ನೂ ಹೊರಬಿಡದು.

ಹೊಸ ಟೆಂಟ್ ಸೋರುತ್ತದೆ ಎಂಬ ದೂರಿನ ಮೂಲ ಬಹುತೇಕ ಇಲ್ಲೇ ಇದೆ. ನಾಲ್ವರು ಮಲಗಿ ಜಿಪ್ ಎಳೆದುಕೊಂಡರೆ ಅವರ ಉಸಿರಿನ ತೇವ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ, ನಸುಕಿಗೆ ಮೈಮೇಲೆ ತೊಟ್ಟಿಕ್ಕುತ್ತದೆ. ಒಳಗೊಂದು ಜಾಲರಿ ಪದರ, ಮೇಲೊಂದು ಹೊದಿಕೆ ಇರುವ ಟೆಂಟ್ ಆರಿಸಿ, ಎರಡರ ನಡುವೆ ಅಂತರ ಉಳಿಯುವಂತೆ ಹಗ್ಗ ಬಿಗಿದು, ಮೇಲಿನ ಕಿಂಡಿ ತೆರೆದಿಟ್ಟರೆ ಹನಿ ಬಹಳ ಕಡಿಮೆ. ಚಳಿಯೆಂದು ಕಿಂಡಿ ಮುಚ್ಚಿದವರೇ ಒದ್ದೆಯಾಗಿ ಹೆಚ್ಚು ನಡುಗುವುದು. ನಾಲ್ಕು ಜನರದೆಂದು ಬರೆದಿರುವ ಟೆಂಟಿನಲ್ಲಿ ಇಬ್ಬರು ದೊಡ್ಡವರು, ಒಂದು ಮಗು, ಚೀಲಗಳು ಹಿಡಿದರೆ ಹೆಚ್ಚು.

ಸ್ಲೀಪಿಂಗ್ ಬ್ಯಾಗಿನ ಚೀಟಿಯಲ್ಲಿ ಸಾಮಾನ್ಯವಾಗಿ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂಬ ಮೂರು ಅಂಕಿಗಳಿರುತ್ತವೆ. ನೋಡಬೇಕಾದ್ದು ಮೊದಲನೆಯದು, ಕೊನೆಯದು ಜೀವ ಉಳಿಸಿಕೊಳ್ಳುವ ಮಟ್ಟವೇ ಹೊರತು ನಿದ್ದೆಯ ಮಟ್ಟವಲ್ಲ. ಇಲ್ಲಿಗೆ ಕಂಫರ್ಟ್ 10 ಡಿಗ್ರಿಯದು ಸಾಕು. ಸೊನ್ನೆಗಿಂತ ಕೆಳಗಿನದಕ್ಕೆ ಸುರಿಯುವ ಹಣವನ್ನು ಅಡಿಗೆ ಹಾಸುವ ಮ್ಯಾಟಿಗೆ ಹಾಕುವುದು ಜಾಣತನ. ಮೈಭಾರಕ್ಕೆ ಬೆನ್ನಡಿಯ ಹೊದಿಕೆ ಅದುಮಿ ಹೋಗುವುದರಿಂದ ಶಾಖವನ್ನು ನೆಲವೇ ಎಳೆದುಕೊಳ್ಳುತ್ತದೆ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿಮಂದೆ ಹಾಕುವ ಕುರಿಗಾಹಿಗಳು ಒಂದು ಕರಿಕಂಬಳಿಯಲ್ಲೇ ಚಳಿಗಾಲ ಕಳೆಯುವುದುಂಟು. ಉಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತದೆ. ಮನೆಯಲ್ಲಿ ಕಂಬಳಿ ಇದ್ದರೆ ಮಕ್ಕಳಿಗೆ ಬೇರೆ ಬ್ಯಾಗ್ ಕೊಳ್ಳಲೇಬೇಕೆಂದಿಲ್ಲ.

ಗ್ಯಾಸ್ ಸ್ಟೌಗಳಿಗೆ ಇಲ್ಲಿನ ಚಳಿ ಲೆಕ್ಕಕ್ಕಿಲ್ಲ. ಬ್ಯೂಟೇನ್ ಅನಿಲವಾಗದೆ ನಿಲ್ಲುವುದು ಸೊನ್ನೆ ಡಿಗ್ರಿಯ ಹತ್ತಿರ. ಸೊಗಡವರೆಯ ಕಾಲವಾದ್ದರಿಂದ ಸಾರು, ಮುದ್ದೆಗೆ ಒಂದು ಸ್ಟೌ ಧಾರಾಳವಾಗಿ ಸಾಕು. ಅಡುಗೆ ಮಾತ್ರ ಟೆಂಟಿನ ಹೊರಗೇ ಆಗಬೇಕು. ಕೆಂಡದ ಬಾಣಲೆಯನ್ನು ಒಳಗಿಟ್ಟು ಮಲಗಿದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲುತ್ತದೆ.

ಇನ್ನು ಜಾಗ. ರಂಗನತಿಟ್ಟು 1940ರಿಂದ ಪಕ್ಷಿಧಾಮ, 2022ರಿಂದ ರಾಮ್ಸಾರ್ ತಾಣ. ಅದನ್ನು ಹಗಲಲ್ಲಿ ನೋಡಿ ಹೊರಬರಬೇಕು. ಅಲ್ಲಿನ ಕಾವೇರಿಯಲ್ಲಿ ಮೊಸಳೆಗಳಿವೆ. ಮೇಲುಕೋಟೆ ಮತ್ತು ಆದಿಚುಂಚನಗಿರಿಯ ವನ್ಯಧಾಮಗಳಲ್ಲೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತಂಗುವಂತಿಲ್ಲ. ಕುಂತಿಬೆಟ್ಟವನ್ನು ಬೆಳಕು ಹರಿದ ಮೇಲೆ ಹತ್ತಿದರೂ ನೋಟಕ್ಕೆ ಕೊರತೆಯಿಲ್ಲ. ಕನ್ನಂಬಾಡಿ ಹಿನ್ನೀರಿನ ಅಂಚು ಚಿತ್ರಕ್ಕೆ ಚೆಂದ, ಮಲಗಲು ಕೆಟ್ಟದ್ದು: ತಣ್ಣನೆಯ ಗಾಳಿ ತಗ್ಗಿಗಿಳಿದು ನಿಲ್ಲುತ್ತದೆ, ಮಣ್ಣು ಹಸಿ. ಪರಿಚಯದ ರೈತರ ಒಣ ಹೊಲವೋ ತೆಂಗಿನ ತೋಟವೋ ಒಳ್ಳೆಯದು. ತೋಟದಲ್ಲಿ ಗರಿ, ಕಾಯಿ ಬೀಳದ ಕಡೆ ನೋಡಿ ಹಾಕಬೇಕು. ಕಬ್ಬಿನ ಗದ್ದೆಯಿಂದ ದೂರವಿರಬೇಕು. ಚಿರತೆ, ಕೊಳಕುಮಂಡಲ ಎರಡಕ್ಕೂ ಅದೇ ಮರೆ. ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಬಯಲಿಗೆ ಕಳಿಸಬಾರದು, ಶೂಗಳನ್ನು ಟೆಂಟಿನ ಹೊರಗೆ ಬಿಡಬಾರದು.

ಸಾಮಾನನ್ನು ಮನೆಯ ತಾರಸಿಯಲ್ಲಿ ಒಮ್ಮೆ ಹರಡಿ, ಕತ್ತಲಲ್ಲಿ ಟಾರ್ಚ್ ಬೆಳಕಿನಲ್ಲೇ ಜೋಡಿಸಿ ನೋಡಿದವರಿಗೆ ಹೊಲದಲ್ಲಿ ಪರದಾಟವಿರದು. ಹಿಂತಿರುಗಿದ ದಿನವೇ ಟೆಂಟನ್ನು ನೆರಳಲ್ಲಿ ಪೂರ್ತಿ ಒಣಗಿಸಿ ಮಡಿಚಿ. ಇಬ್ಬನಿಯ ತೇವದೊಂದಿಗೆ ಕಟ್ಟಿಟ್ಟ ಟೆಂಟಿಗೆ ಬೂಷ್ಟು ಹಿಡಿಯುತ್ತದೆ, ನೀರು ತಡೆಯುವ ಲೇಪ ಅಂಟಂಟಾಗಿ ಸುಲಿದು ಬರುತ್ತದೆ.