ಆಕಾಶದ ಕಣ್ಣೂ ಕೆರೆಯ ದಡವೂ

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂಬ ಗಾದೆಯೊಂದು ನಮ್ಮಲ್ಲಿ ಉಂಟು. ಹೆಬ್ಬಾಳ, ಜಕ್ಕೂರು, ಯಲಹಂಕದ ಕೆರೆಗಳ ಅವಸ್ಥೆಯನ್ನರಿಯಲು ಆಕಾಶದಲ್ಲಿ ಉಪಗ್ರಹವೇತಕ್ಕೆ, ದಡದಲ್ಲಿ ನಿಂತು ನೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಪ್ರಶ್ನೆಯು ವಿಚಾರಾರ್ಹವಾದುದೇ ಸರಿ. ಆದರೆ ಒಂದು ಕೆರೆಯ ದಡದಲ್ಲಿ ನಿಲ್ಲಬಹುದು. ನಾಡಿನ ಸಹಸ್ರಾರು ಕೆರೆಗಳ ದಡದಲ್ಲಿ ತಿಂಗಳಿಗೊಮ್ಮೆ ನಿಲ್ಲುವಷ್ಟು ಮಂದಿ ಯಾವ ಇಲಾಖೆಯಲ್ಲಿಯೂ ಇಲ್ಲ.

ಭಾರತದ ಪ್ರಥಮ ಕಾರ್ಯಾಚರಣಾ ದೂರಸಂವೇದಿ ಉಪಗ್ರಹವಾದ ಐ.ಆರ್.ಎಸ್.–1ಎ 1988ನೆಯ ಮಾರ್ಚ್ 17ರಂದು ಗಗನಕ್ಕೇರಿತು. ಇಂದು ಯುರೋಪಿನ ಸೆಂಟಿನೆಲ್–2 ಉಪಗ್ರಹಗಳು ಐದು ದಿನಕ್ಕೊಮ್ಮೆ, ಹತ್ತು ಮೀಟರಿನ ಚೌಕವನ್ನು ಗುರುತಿಸುವಷ್ಟು ಸೂಕ್ಷ್ಮವಾದ ಚಿತ್ರಗಳನ್ನು ಎಲ್ಲರಿಗೂ ಉಚಿತವಾಗಿ ಒದಗಿಸುತ್ತಿವೆ. 2025ನೆಯ ಜುಲೈ 30ರಂದು ಶ್ರೀಹರಿಕೋಟೆಯಿಂದ ಹೊರಟ, ಭಾರತ–ಅಮೆರಿಕಗಳ ಸಂಯುಕ್ತ ಕೃತಿಯಾದ ನಿಸಾರ್ ಉಪಗ್ರಹದ ರಡಾರು ಮಳೆಗಾಲದ ಮೋಡವನ್ನೂ ಭೇದಿಸಿ ನೋಡಬಲ್ಲುದು. ಹಸಿರೆಲೆಯು ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಹಿಂದಕ್ಕೆ ಚೆಲ್ಲುತ್ತದೆ. ನೀರಾದರೋ ಆ ಕಿರಣವನ್ನೂ ನುಂಗಿಬಿಡುತ್ತದೆ. ಈ ಭೇದದಿಂದಲೇ ಕೆರೆಯು ಎಷ್ಟು ಕುಗ್ಗಿತು, ತೋಪು ಎಷ್ಟು ಬೋಳಾಯಿತು ಎಂಬುದು ತಿಳಿಯುತ್ತದೆ.

ಆದರೆ ಹಸಿರೆಲ್ಲವೂ ಆರೋಗ್ಯವಲ್ಲ. ಚರಂಡಿ ನೀರನ್ನುಂಡು ಕೆರೆಯನ್ನು ಮುಚ್ಚಿದ ಅಂತರಗಂಗೆಯಂಥ ಕಳೆಯೂ ಮೇಲಿನಿಂದ ಹಸಿರೇ. ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯ ಲೆಕ್ಕದಲ್ಲಿ, ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ನೆಲದ ಮೇಲೆ ಶೇಕಡಾ 10ರಷ್ಟು ಮರದ ನೆರಳಿದ್ದರೆ ಅದು ಅರಣ್ಯದ ಹೊದಿಕೆ. ಮರದ ಜಾತಿಯನ್ನಾಗಲಿ ನೆಲದ ಒಡೆತನವನ್ನಾಗಲಿ ಅದು ಕೇಳುವುದಿಲ್ಲ. ಹೀಗಾಗಿ ನೀಲಗಿರಿಯ ನೆಡುತೋಪೂ ಅಡವಿಯೂ ಒಂದೇ ಪಟ್ಟಿಗೆ ಸೇರುತ್ತವೆ. 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲೆಂದು ಘೋಷಿತವಾದ ಯಲಹಂಕದ ಪುಟ್ಟೇನಹಳ್ಳಿ ಕೆರೆಯ ಗೂಡುಗಳಲ್ಲಿ ಮೊಟ್ಟೆಗಳಿವೆಯೋ ಇಲ್ಲವೋ ಎಂಬುದನ್ನು ಉಪಗ್ರಹವು ಹೇಳಲಾರದು. ಅಂಕಿಗಳು ಏರಿದರೂ ಜೀವರಾಶಿಯು ಇಳಿಯುತ್ತಿರಬಹುದೆಂಬುದೇ ಇಲ್ಲಿಯ ಅಪಾಯವು.

ಪರಿಹಾರದ ಅರ್ಧಭಾಗವು ಕಾನೂನಿನಲ್ಲಿಯೇ ಇದೆ. 2002ರ ಜೀವವೈವಿಧ್ಯ ಅಧಿನಿಯಮದಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಒಂದು ನಿರ್ವಹಣಾ ಸಮಿತಿಯನ್ನು ರಚಿಸತಕ್ಕುದು. ಆ ಸಮಿತಿಯು ಊರಿನ ಗಿಡಮರ, ಪ್ರಾಣಿಪಕ್ಷಿಗಳ ಜನತಾ ದಾಖಲೆಯನ್ನು ಸಿದ್ಧಪಡಿಸತಕ್ಕುದು. ಒಮ್ಮೆ ಬರೆದು ಕಪಾಟಿಗೆ ಸೇರಿಸಿದರೆ ಅದು ದಾಖಲೆಯಲ್ಲ, ಬರಿಯ ಕಾಗದ. ಆಕಾಶದ ಚಿತ್ರದಲ್ಲಿ ವ್ಯತ್ಯಾಸವು ಕಂಡೊಡನೆ ಆ ಸಮಿತಿಗೆ ಸೂಚನೆ ಹೋಗಬೇಕು. ಸಮಿತಿಯವರು ಸ್ಥಳಕ್ಕೆ ನಡೆದು ನೋಡಿ ಬರೆಯಬೇಕು. ಚಿತ್ರವೂ ಬರಹವೂ ಜೊತೆಯಾಗಿ ಕನ್ನಡದಲ್ಲಿ ಪ್ರಕಟವಾಗಬೇಕು. ಹೆಬ್ಬಾಳದಾಚೆಯ ಕೃಷಿ ವಿಶ್ವವಿದ್ಯಾನಿಲಯ, ಯಶವಂತಪುರದ ಬಳಿಯ ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋದ ಕೇಂದ್ರ ಕಛೇರಿ ಇವೆಲ್ಲವೂ ಉತ್ತರ ಬೆಂಗಳೂರಿನಲ್ಲಿಯೇ ನೆರೆಹೊರೆಯಾಗಿರುವಾಗ, ಈ ಪ್ರಯೋಗವನ್ನು ಇಲ್ಲಿಂದಲೇ ಆರಂಭಿಸಲು ಅಡ್ಡಿಯೇನು?

2030ರೊಳಗೆ ಭೂಮಿಯ ನೆಲಜಲಗಳ ಶೇಕಡಾ 30 ಭಾಗವನ್ನು ಕಾಪಾಡುವ ಗುರಿಯನ್ನು 2022ರ ಡಿಸೆಂಬರಿನಲ್ಲಿ ಒಪ್ಪಿದ ರಾಷ್ಟ್ರಗಳಲ್ಲಿ ನಮ್ಮದೂ ಒಂದು. ಆ ಮಾತಿಗೆ ಸಾಕ್ಷಿಯಾಗಬೇಕಾದುದು ಬಣ್ಣದ ನಕ್ಷೆಯೊಂದೇ ಅಲ್ಲ, ಕೆರೆಯ ಹಕ್ಕಿಯೂ ಹೌದು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲನ್ನು ಮುಚ್ಚುವ ಪದ್ಧತಿಯನ್ನು ಅಧಿಕಾರಿಗಳೂ ನಾಗರಿಕರೂ ಇನ್ನಾದರೂ ಬಿಡುವರೆಂದು ಹಾರೈಸುತ್ತೇವೆ.